ಎರಡು ವಾರ ಬರದಿದ್ದರೆ ಒಂದು ಫೋನ್ ಮಾಡಿ

ಸಂಪಾದಕರಿಗೆ ನಮಸ್ಕಾರ.

ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಿ ನಾನು ಕಾಮರ್ಸ್ ಅತಿಥಿ ಉಪನ್ಯಾಸಕಿ. ಪದವೀಧರರಿಗೆ ಕೆಲಸ ಸಿಗುತ್ತಿಲ್ಲ ಅಂತ ಪೇಪರಿನಲ್ಲಿ ಓದುತ್ತಲೇ ಇರುತ್ತೇನೆ. ಪದವಿ ಮುಗಿಸದೇ ಹೋದವರ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ.

ನಮ್ಮಲ್ಲಿ ಬಿಕಾಂ ಸೇರುವ ಮಕ್ಕಳಲ್ಲಿ ಜಾಸ್ತಿ ಜನ ಪಿಯುಸಿವರೆಗೆ ಕನ್ನಡದಲ್ಲೇ ಓದಿದವರು. ಇಲ್ಲಿ ಅಕೌಂಟೆನ್ಸಿ ಪುಸ್ತಕ ಇಂಗ್ಲಿಷಿನಲ್ಲಿ. ಮೊದಲ ಸೆಮಿಸ್ಟರ್‌ನಲ್ಲೇ ಎರಡು ಪೇಪರ್ ಬ್ಯಾಕ್ ಉಳಿಯುತ್ತವೆ, ಮನೆಯಲ್ಲಿ ಹೇಳೋಕೆ ಹೆದರಿಕೆ, ಅಷ್ಟರಲ್ಲಿ ಹುಬ್ಬಳ್ಳಿಯ ಯಾವುದೋ ಬಟ್ಟೆ ಅಂಗಡಿಯಲ್ಲಿ ಕೆಲಸ ಸಿಗುತ್ತದೆ, ಕಾಲೇಜು ಅಲ್ಲಿಗೆ ಮುಗಿಯಿತು. ನಾವೋ, ಶೇ 75 ಹಾಜರಿ ಇಲ್ಲದವರ ಪಟ್ಟಿಯನ್ನು ಸೆಮಿಸ್ಟರ್ ಕೊನೆಗೆ ನೋಟಿಸ್ ಬೋರ್ಡಿಗೆ ಹಚ್ಚುತ್ತೇವೆ. ಅದನ್ನು ನೋಡೋಕೆ ಆ ಹುಡುಗ ಊರಲ್ಲೇ ಇರುವುದಿಲ್ಲ.

ಕಳೆದ ವರ್ಷ ಒಬ್ಬ ಹುಡುಗಿ ಮೂರು ವಾರ ಬರಲಿಲ್ಲ. ಫೋನ್ ಮಾಡಿದೆ. 'ಸ್ಕಾಲರ್‌ಶಿಪ್ ಬಂದಿಲ್ರೀ ಮೇಡಂ, ಪರೀಕ್ಷೆ ಫೀ ಕಟ್ಟೋಕೆ ಆಗಲ್ಲ' ಅಂದಳು. ವಿಚಾರಿಸಿದರೆ ಅವಳ ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್, ಅಂದರೆ ಆಧಾರ್ ನಂಬರ್ ಜೋಡಣೆ, ಆಗಿರಲಿಲ್ಲ, ಅಷ್ಟೇ. ಬ್ಯಾಂಕಿಗೆ ಹೋಗಿಬಂದಳು, ಫೀ ಕಟ್ಟಲು ನಾವು ಮೂವರು ಸೇರಿ ಕೊಟ್ಟೆವು, ಈಗ ಎರಡನೇ ವರ್ಷದಲ್ಲಿದ್ದಾಳೆ. ಅಮೆರಿಕದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯ 2011ರಿಂದ ಹೀಗೇ ಸಣ್ಣ ಮೊತ್ತ ಬಾಕಿ ಇರುವವರಿಗೆ ತಾನೇ ಹಣ ಕೊಟ್ಟು ಉಳಿಸಿಕೊಳ್ಳುತ್ತಿದೆ. ನಮ್ಮ ಕಾಲೇಜುಗಳಿಗೂ ಅಂಥ ಒಂದು ಪುಟ್ಟ ನಿಧಿ ಬೇಕು.

ರಾಜ್ಯ ಸರ್ಕಾರದ ಯುವನಿಧಿ ಯೋಜನೆಯಲ್ಲಿ ಪದವಿ ಮುಗಿದು 180 ದಿನ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ, ಎರಡು ವರ್ಷದವರೆಗೆ ಕೊಡುತ್ತಾರೆ. ಅದು ಬೇಡ ಅನ್ನುವುದಿಲ್ಲ, ಆ ಹಣದಿಂದ ಬಸ್ ಚಾರ್ಜು, ಅರ್ಜಿ ಫೀ ಹೊಂದಿಸಿಕೊಂಡವರನ್ನು ನೋಡಿದ್ದೇನೆ. ಆದರೆ ಕೊನೆ ವರ್ಷ ಓದುವಾಗಲೇ ಅಷ್ಟು ಸ್ಟೈಪೆಂಡ್ ಕೊಟ್ಟು ಕೆಲಸಕ್ಕೆ ಹಚ್ಚಬಹುದಲ್ವಾ? ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆ ಪಕ್ಕದಲ್ಲೇ ಇದೆ. ಸುಗ್ಗಿಯಲ್ಲಿ ದಲಾಲಿ ಅಂಗಡಿಗಳಿಗೆ ಲೆಕ್ಕ ಬರೆಯುವವರು ಬೇಕು. ನಾಲ್ಕು ತಿಂಗಳು ಅಲ್ಲಿ ಕೂತು ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್, ಜಿಎಸ್‌ಟಿ ಕಲಿತ ಹುಡುಗಿಗೆ ಸಂದರ್ಶನದಲ್ಲಿ ಹೇಳೋಕೆ ಏನಾದರೂ ಇರುತ್ತದೆ.

ಕಾಲೇಜು ಶಿಕ್ಷಣ ಇಲಾಖೆಗೆ ನನ್ನ ಮನವಿ ಇಷ್ಟೇ: ಎರಡು ವಾರ ಬರದ ವಿದ್ಯಾರ್ಥಿಗೆ ಫೋನ್ ಮಾಡುವುದು ಪ್ರತಿ ಕಾಲೇಜಿನಲ್ಲೂ ಒಬ್ಬರ ಕೆಲಸ ಅಂತ ಆದೇಶ ಹೊರಡಿಸಿ, ಅದಕ್ಕೆ ಸಮಯವನ್ನೂ ಕೊಡಿ. ಈ ವರ್ಷದ ಮೊದಲ ಸೆಮಿಸ್ಟರ್‌ನಿಂದಲೇ ಶುರುವಾಗಲಿ.

— ಒಬ್ಬ ಅತಿಥಿ ಉಪನ್ಯಾಸಕಿ, ಹಾವೇರಿ ಜಿಲ್ಲೆ