ಒಂಬತ್ತು ತಿಂಗಳಾದ್ಮೇಲೆ ಮತ್ತೆ ಮರ ಹತ್ತಿದೆ, ಥ್ಯಾಂಕ್ಸ್ ಹೇಳೋದಿದೆ

ಮರ ಹತ್ತಿ ಕೊಂಬೆ ಕಡಿಯೋದು ನನ್ನ ಕೆಲಸ. ನಿನ್ನೆ ಬೆಳಿಗ್ಗೆ ಒಂಬತ್ತು ತಿಂಗಳಾದ್ಮೇಲೆ ಮತ್ತೆ ಹಾರ್ನೆಸ್ (ಹಗ್ಗಕ್ಕೆ ಸಿಕ್ಕಿಸೋ ಸೊಂಟದ ಬೆಲ್ಟು) ಹಾಕ್ಕೊಂಡು ಮರ ಹತ್ತಿದೆ. ಬರೀ 6 ಮೀಟರ್. ಚೈನ್‌ಸಾ ತಗೊಂಡು ಹೋಗಿರ್ಲಿಲ್ಲ, ಕೈಗರಗಸದಲ್ಲೇ ಒಂದು ಒಣಗಿದ ಕೊಂಬೆ ತೆಗೆದು ಇಳಿದುಬಿಟ್ಟೆ. ಆಮೇಲೆ ತುಂಬಾ ಹೊತ್ತು ಬುಡದಲ್ಲೇ ಕೂತಿದ್ದೆ. ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳೋಣ ಅಂದ್ರೆ ಗಂಟಲು ಕಟ್ಟುತ್ತೆ, ಅದಕ್ಕೇ ಎಲ್ಲಾ ಇಲ್ಲಿ ಬರೀತಿದೀನಿ.

ಒಂಬತ್ತು ತಿಂಗಳ ಹಿಂದೆ ಮರದ ಮೇಲೆ ಕೈಗೆ ಗಾಯ ಆಗಿದ್ದು ಹೇಗೆ ಅಂತ ಸುಮಾರು ಜನ ಕೇಳಿದ್ರಿ. ಅವತ್ತು 12 ಮೀಟರ್ ಎತ್ತರದಲ್ಲಿದ್ದೆ, ಕೈಲಿ ಮರದ ಮೇಲೆ ಬಳಸೋ ಚಿಕ್ಕ ಟಾಪ್ ಹ್ಯಾಂಡಲ್ ಚೈನ್‌ಸಾ. ಕೊಂಬೆ ಕೆಳಗಿನ ಬೇಲಿ ಮೇಲೆ ಬೀಳ್ಬಾರ್ದು ಅಂತ ಎಡಗೈಲಿ ಅದನ್ನ ಹಿಡ್ಕೊಂಡು ಬಲಗೈ ಒಂದರಲ್ಲೇ ಸಾ ಓಡಿಸ್ತಿದ್ದೆ. ಹಾಗೆ ಮಾಡ್ಬಾರ್ದು ಅಂತ ಹೊಸಬರಿಗೆ ಹೇಳಿಕೊಡೋನೇ ನಾನು. ಎಲೆಗಳ ಹಿಂದೆ ಹಳೇ ಕೊಂಬೆಯ ಮೋಟು ಇದ್ದದ್ದು ಕಾಣ್ಲಿಲ್ಲ, ಬಾರ್‌ನ (ಚೈನ್ ಸುತ್ತೋ ಉದ್ದನೆ ಪಟ್ಟಿ) ತುದಿಯ ಮೇಲ್ಭಾಗ ಅದಕ್ಕೆ ತಾಗಿದ್ದೇ ತಡ ಸಾ ಹಿಂದಕ್ಕೆ ಹಾರಿತು. ಚೈನ್ ಓಡೋದು ಸೆಕೆಂಡಿಗೆ 20 ಮೀಟರ್ ಆಸುಪಾಸಿನಲ್ಲಿ, ಕಿಕ್‌ಬ್ಯಾಕ್ ಆಯ್ತು ಅಂತ ತಲೆಗೆ ಹೊಳೆಯೋಷ್ಟರಲ್ಲಿ ಎಲ್ಲಾ ಮುಗಿದಿರುತ್ತೆ. ಎರಡೂ ಕೈ ಸಾ ಮೇಲಿದ್ದಿದ್ರೆ ಎಡಗೈ ಮಣಿಕಟ್ಟು ಮುಂದಿನ ಗಾರ್ಡ್‌ಗೆ ತಾಗಿ ಚೈನ್ ಬ್ರೇಕ್ ಬೀಳ್ತಿತ್ತು, ಕೈ ಅಲ್ಲಿ ಇರ್ಲೇ ಇಲ್ವಲ್ಲ. ಝಾಡಿಸಿದ ರಭಸಕ್ಕೆ ಬ್ರೇಕ್ ತಾನಾಗೇ ಬಿತ್ತು ನಿಜ, ಅಷ್ಟರಲ್ಲಿ ಎಡ ಮುಂಗೈ ಸೀಳಿಹೋಗಿತ್ತು.

ಮೊದಲ ಥ್ಯಾಂಕ್ಸ್ ನಮ್ಮ ಮೇಸ್ತ್ರಿಗೆ. ಪ್ರತಿದಿನ ಬೆಳಿಗ್ಗೆ ಮಶಿನ್ ಸ್ಟಾರ್ಟ್ ಮಾಡೋಕೆ ಮುಂಚೆ ಅವರದ್ದು ಒಂದೇ ಪ್ರಶ್ನೆ, "ಮೇಲಿರೋನು ಇದ್ದಕ್ಕಿದ್ದಂಗೆ ಮಾತಾಡೋದು ನಿಲ್ಲಿಸಿದ್ರೆ ಇವತ್ತು ಯಾರು ಹತ್ತೋದು?" ಹೆಸರು ಹೇಳೋವರೆಗೂ ಬಿಡ್ತಿರ್ಲಿಲ್ಲ. ಹತ್ತೋ ಹಗ್ಗದ ಪಕ್ಕದಲ್ಲೇ ಇನ್ನೊಂದು ಹಗ್ಗ ಮರಕ್ಕೆ ಹಾಕಿಡಿಸ್ತಿದ್ರು, ಅದನ್ನ ಯಾರೂ ಮುಟ್ಟೋ ಹಾಗಿಲ್ಲ. ನನ್ನ ಹಗ್ಗನೂ ಅಷ್ಟೇ, ಅದರ ಬುಡದ ತುದಿ ಕೆಳಗಿಂದಲೇ ಇಳಿಸೋಕೆ ಬರೋ ಸಾಧನಕ್ಕೆ ಕಟ್ಟಿ ಮಿಕ್ಕಿದ್ದು ಚೀಲದಲ್ಲಿ ಇರ್ಬೇಕು. ಹಗ್ಗ ಸಿಗಿಸೋ ಕವಲು 15 ಮೀಟರ್ ಮೇಲಿದ್ರೆ ಹಗ್ಗ 45 ಮೀಟರ್, ಅಂದ್ರೆ ಮೂರು ಪಟ್ಟು: ಮೇಲಕ್ಕೆ 15, ಕೆಳಕ್ಕೆ 15, ಇಳಿಸೋಕೆ ಬಿಡೋದಕ್ಕೆ ಇನ್ನೊಂದು 15. ಇಷ್ಟೆಲ್ಲಾ ಹಾಕೋಕೆ ಅರ್ಧ ಗಂಟೆ ಹೋಗುತ್ತೆ, ಅಷ್ಟರಲ್ಲಿ ನಾಲ್ಕು ಕೊಂಬೆ ಇಳಿಸ್ಬಹುದಿತ್ತು ಅಂತ ಎಷ್ಟೋ ಸಲ ಗೊಣಗಿದೀನಿ. ಮೇಸ್ತ್ರಿ, ಆ ಗೊಣಗಾಟಕ್ಕೆಲ್ಲಾ ಕ್ಷಮೆ ಕೇಳ್ತೀನಿ. ಅವತ್ತು ಆ ಮೂರನೇ 15 ಮೀಟರ್ ಇಲ್ದೇ ಹೋಗಿದ್ರೆ ನನ್ನನ್ನ ನೆಲದವರೆಗೂ ಇಳಿಸೋಕೆ ಹಗ್ಗನೇ ಸಾಲ್ತಿರ್ಲಿಲ್ಲ.

ಆಮೇಲೆ, ಹತ್ತಿ ಬಂದ ಗೆಳೆಯನಿಗೆ. ನಾನು ಹಾರ್ನೆಸ್‌ಗೆ ಸಿಕ್ಕಿಸಿದ್ದ ಪ್ರೆಶರ್ ಬ್ಯಾಂಡೇಜ್ ಕಿತ್ಕೊಂಡು ಗಾಯದ ಮೇಲೆ ಒತ್ತಿ ಹಿಡಿದಿದ್ದೆ, ಅಷ್ಟೇ ನನ್ನ ಕೈಲಾಗಿದ್ದು, ಸುತ್ತೋಕೆ ಇನ್ನೊಂದು ಕೈ ಎಲ್ಲಿತ್ತು. ಕಾಂಡ ಸುತ್ತಿದ್ದ ಲ್ಯಾನ್ಯಾರ್ಡ್ (ಹಾರ್ನೆಸ್‌ಗೆ ಸೇರಿರೋ ಚಿಕ್ಕ ಹಗ್ಗ) ಬಿಚ್ಚೋದಂತೂ ದೂರದ ಮಾತು. ಅವನು ಆ ಎರಡನೇ ಹಗ್ಗದಲ್ಲಿ ಹತ್ತಿ ಬಂದ. ಓಡಿ ಬರೋ ಥರ ಬರ್ಲಿಲ್ಲ, ಪ್ರಾಕ್ಟೀಸ್‌ನಲ್ಲಿ ಮರಳು ತುಂಬಿದ ಮೂಟೆ ಇಳಿಸೋಕೆ ಬರ್ತಿದ್ನಲ್ಲ, ಥೇಟ್ ಅದೇ ಥರ, ಪ್ರತಿ ಕ್ಯಾರಬಿನರ್ (ಹಗ್ಗ ಸಿಕ್ಕಿಸೋ ಲೋಹದ ಕೊಂಡಿ) ಲಾಕ್ ಆಯ್ತಾ ಅಂತ ಮುಟ್ಟಿ ನೋಡ್ಕೊಂಡು ಬಂದ. ಬ್ಯಾಂಡೇಜ್ ಬಿಗಿಯಾಗಿ ಸುತ್ತಿದ, ನನ್ನ ಸಾ ಆಫ್ ಆಗಿದೆಯಾ ನೋಡಿದ, ನನ್ನ ಹಗ್ಗ ಭಾರ ಹಿಡಿದಿದೆಯಾ ನೋಡಿದ, ಲ್ಯಾನ್ಯಾರ್ಡ್ ಸಡಿಲ ಮಾಡಿ ಬಿಚ್ಚಿದ. ಅಷ್ಟು ಹೊತ್ತೂ "ಕಾಲು ಆಡಿಸ್ತಾ ಇರು, ಕಾಲು ಆಡಿಸ್ತಾ ಇರು" ಅಂತಿದ್ದ. ಹಾರ್ನೆಸ್‌ನಲ್ಲಿ ಅಲ್ಲಾಡದೇ ನೇತಾಡಿದ್ರೆ ರಕ್ತ ಕಾಲಲ್ಲೇ ನಿಂತುಬಿಡುತ್ತೆ, ಗಾಯಕ್ಕಿಂತ ಅದೇ ದೊಡ್ಡ ಅಪಾಯ ಆಗ್ಬಹುದು, ಅದು ಅವನಿಗೆ ನೆನಪಿತ್ತು. ಕೆಳಗಿಂದ ನನ್ನನ್ನ ಇಳಿಸ್ತಿದ್ರೆ ಅವನು ಪಕ್ಕದಲ್ಲೇ ಇಳೀತಾ ನನ್ನ ಕೈನ ಎತ್ತಿ ಹಿಡ್ಕೊಂಡಿದ್ದ. ಆ ಮರಳು ಮೂಟೆ ಪ್ರಾಕ್ಟೀಸ್‌ನ ಮಳೇಲೂ ಮಾಡಿಸ್ತಿದ್ರು, ಆಗ ಬೇಜಾರಾಗ್ತಿತ್ತು.

ಆಪರೇಶನ್ ಮಾಡಿದ ಡಾಕ್ಟರ್‌ಗೆ, ರಾತ್ರಿ ಪಾಳಿಯ ಸಿಸ್ಟರ್‌ಗಳಿಗೆ ಎಷ್ಟು ಹೇಳಿದ್ರೂ ಕಡಿಮೆನೇ. ಬೆರಳು ಮಡಿಸೋ ಎರಡು ಟೆಂಡನ್ (ಸ್ನಾಯುನ ಮೂಳೆಗೆ ಸೇರಿಸೋ ನಾರು) ಹೊಲಿದಿದಾರೆ. ಫಿಸಿಯೋ ಮೇಡಂ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳ್ಬೇಕು. ಮೂರು ತಿಂಗಳು ಸ್ಪಾಂಜ್ ಹಿಂಡಿ ಹಿಂಡಿ ನಾನು ಸೋತುಹೋಗಿದ್ದಾಗ ಅವರು, ನೀವು ಕೆಲಸದಲ್ಲಿ ಬೆರಳಿಂದ ಏನು ಮಾಡ್ತೀರೋ ಅದನ್ನೇ ತನ್ನಿ ಅಂದ್ರು. ಒಂದು ತುಂಡು ಹಗ್ಗ ತಗೊಂಡು ಹೋದೆ. ಬ್ಲೇಕ್ಸ್ ಹಿಚ್ ಅಂತ ಒಂದು ಗಂಟಿದೆ, ಮೇಲಕ್ಕೆ ನಾಲ್ಕು ಸುತ್ತು ಹಾಕಿ ತುದಿನ ಕೆಳಗೆ ತಂದು ಕೆಳಗಿನ ಎರಡು ಸುತ್ತಿನ ಒಳಗಿಂದ ತೂರಿಸೋದು. ಮೊದಲೆಲ್ಲಾ ಕಣ್ಣು ಮುಚ್ಚಿ ಹಾಕ್ತಿದ್ದ ಗಂಟು, ಅವತ್ತು ಇಪ್ಪತ್ತು ನಿಮಿಷ ಆಯ್ತು, ಬೆವರು ಇಳೀತಿತ್ತು, ತುದಿ ತೂರಿಸೋಕೆ ಉಂಗುರ ಬೆರಳು ಬಗ್ತಿರ್ಲಿಲ್ಲ. ಮೇಡಂ ಒಂದು ಸಲನೂ ಕೈ ಹಾಕ್ಲಿಲ್ಲ, ಗಡಿಯಾರನೂ ನೋಡ್ಲಿಲ್ಲ. ಗಂಟು ಬಿಗಿದು ಕೂತಾಗ ಅದನ್ನ ಎಳೆದು ನೋಡಿ, ನಾಳೆ ಮತ್ತೆ ಹಾಕೋಣ ಅಂದ್ರು. ಕೈ ವಾಪಸ್ ಬಂತು ಅಂತ ನಂಗೆ ಅನ್ನಿಸಿದ್ದು ಆ ದಿನ.

ನಮ್ಮ ಟೀಮಿನವರೆಲ್ಲರಿಗೂ. ನಾನಿಲ್ಲದಾಗಲೂ ನನ್ನ ಸಾಗಳ ಚೈನ್‌ಗೆ ಫೈಲ್ (ಅರ) ಹಾಕಿ ಹರಿತ ಮಾಡಿ, ಬಾರ್ ತಿರುಗಿಸಿ ಹಾಕಿ, ಎಣ್ಣೆ ಹಚ್ಚಿ ಇಟ್ಟಿದ್ರಿ. ನಿನ್ನೆ ಕೆಳಗೆ ಒಂದು ದಿಮ್ಮಿ ಕೊಯ್ದು ನೋಡಿದೆ, ಎರಡೂ ಕೈಲಿ ಹಿಡಿದು. ಪುಡಿ ಬರ್ಲಿಲ್ಲ, ಚೆನ್ನಾಗಿ ದಪ್ಪ ದಪ್ಪ ಚಕ್ಕೆ ಬಂತು. ಯಾರು ಫೈಲ್ ಹಾಕಿದ್ದು ಅಂತ ಕೇಳಿದ್ರೆ ಯಾರೂ ಬಾಯಿ ಬಿಡ್ತಿಲ್ಲ.

ಇನ್ನು ಅವತ್ತು ಬುಡದಲ್ಲಿ ಹಗ್ಗ ಹಿಡಿದಿದ್ದ ಹುಡುಗನಿಗೆ. ಕೆಲಸಕ್ಕೆ ಸೇರಿ ಮೂರು ವಾರ ಆಗಿತ್ತು ನಿಂಗೆ. ಮೇಲಿಂದ ನನ್ನ ರಕ್ತ ನಿನ್ನ ತೋಳಿನ ಮೇಲೆ ಬೀಳ್ತಿತ್ತು, ನೀನು ಒಂದು ಸಲನೂ ಜರ್ಕ್ ಕೊಡದೇ ಒಂದೇ ಸಮ ಹಗ್ಗ ಬಿಡ್ತಾ ಬಂದೆ. 12 ಮೀಟರ್, ಎಲ್ಲೂ ತಡೀಲಿಲ್ಲ. ಆಮೇಲೆ ನೀನು ಕೆಲಸಕ್ಕೆ ಬರ್ಲಿಲ್ಲ ಅಂತ ಗೊತ್ತಾಯ್ತು, ಆ ಮೋಟು ಕೆಳಗಿಂದ ಕಂಡಿತ್ತು, ಕೂಗಿ ಹೇಳ್ಬೇಕಿತ್ತು ಅಂತ ಕೊರಗ್ತಿದೀಯ ಅಂತಾನೂ ಕೇಳಿದೆ. ಇಲ್ಲಪ್ಪ. ಸಾ ಓಡ್ತಿರೋವಾಗ ಕೂಗಿದ್ರೂ ನಂಗೆ ಕೇಳ್ತಿರ್ಲಿಲ್ಲ, ಮೋಟು ನೋಡ್ಕೊಳ್ಳೋದು ನನ್ನ ಕೆಲಸ ಆಗಿತ್ತು, ಎಡಗೈನ ಅಲ್ಲಿಟ್ಟಿದ್ದೂ ನಾನೇ. ನೀನು ಮಾಡಿದ್ದು ನನ್ನನ್ನ ಕೆಳಗೆ ತಂದಿದ್ದು. ಮತ್ತೆ ಬಾ ಅಂತ ಬಲವಂತ ಮಾಡಲ್ಲ, ಬೇರೆ ಕೆಲಸ ಹಿಡಿದ್ರೂ ನಂಗೆ ಸಂತೋಷನೇ. ನಿನ್ನ ಹೆಲ್ಮೆಟ್ ಗಾಡೀಲೇ ಇದೆ, ಯಾರಿಗೂ ಕೊಟ್ಟಿಲ್ಲ.