ಶಿಕಾಗೊದಿಂದ ಮನೆಗೆ: ಲೈನ್ ಮನೆಗೆ ಹೊತ್ತೊಯ್ಯಬಹುದಾದ ಎಕ್ಸ್‌ರೇ

ಶಿಕಾಗೊ
ಡಿಸೆಂಬರ್ 2025

ಪ್ರೀತಿಯ ಅಪ್ಪ, ಅಮ್ಮ,

ನಮಸ್ಕಾರ. ನಾನಿಲ್ಲಿ ಚೆನ್ನಾಗಿದ್ದೇನೆ. ಚಳಿ ಮಾತ್ರ ವಿಪರೀತ. ಮಿಶಿಗನ್ ಸರೋವರದ ಕಡೆಯಿಂದ ಗಾಳಿ ಬೀಸಿದರೆ ಕಿವಿಯೇ ಮರಗಟ್ಟುತ್ತದೆ. ಇಲ್ಲಿನ ಗಡಿಯಾರ ನಮ್ಮದಕ್ಕಿಂತ ಹನ್ನೊಂದೂವರೆ ಗಂಟೆ ಹಿಂದೆ. ಸಂಜೆ ನಾನು ರೂಮಿಗೆ ಬರುವ ಹೊತ್ತಿಗೆ ನಿಮಗೆ ಬೆಳಗಾಗಿರುತ್ತದೆ. ಫೋನಿನಲ್ಲಿ ಎರಡು ಮಾತು ಆಡುವುದರೊಳಗೆ ಅಪ್ಪನನ್ನು ಯಾರೋ ಕಣದಿಂದ ಕೂಗುತ್ತಾರೆ. ಅದಕ್ಕೇ ಬರೆಯಲು ಕೂತೆ. ಹೇಳಬೇಕಾದ್ದು ಜಾಸ್ತಿ ಇದೆ.

ಹುತ್ತರಿ ಈ ವಾರವೇ ಬಂತಲ್ಲ. ಕದಿರು ತೆಗೆಯುವಾಗ ನಾನಿಲ್ಲ ಅನ್ನುವುದು ನನಗೂ ಬೇಸರವೇ. ‘ಪೊಲಿ ಪೊಲಿ ದೇವಾ’ ಅಂತ ನನ್ನ ಪರವಾಗಿಯೂ ಒಂದು ಸಲ ಕೂಗಿ. ತಂಬಿಟ್ಟು ಬಂದ ಮೇಲೆ ಅಜ್ಜಿ ಕೈಯಲ್ಲೇ ಮಾಡಿಸಿಕೊಳ್ಳುತ್ತೇನೆ.

ನಾನು ಬಂದಿರುವ ಸಮ್ಮೇಳನ ನಡೆಯುತ್ತಿರುವುದು ಮೆಕಾರ್ಮಿಕ್ ಪ್ಲೇಸ್ ಎಂಬ ಜಾಗದಲ್ಲಿ, ಸರೋವರದ ದಡದಲ್ಲೇ. ನಡೆಸುವವರು ಉತ್ತರ ಅಮೆರಿಕದ ರೇಡಿಯಾಲಜಿ ಸೊಸೈಟಿ, ಅಂದರೆ ಎಕ್ಸ್‌ರೇ, ಸ್ಕ್ಯಾನ್ ನೋಡಿ ರೋಗ ಗುರುತಿಸುವವರ ಸಂಘ. 1915ರಲ್ಲಿ ಶುರುವಾದ ಸಂಸ್ಥೆ. ಎಷ್ಟು ಜನ ಅಂದರೆ, 2011ರ ಜನಗಣತಿಯಲ್ಲಿ ನಮ್ಮ ಮಡಿಕೇರಿ ಪಟ್ಟಣದ ಲೆಕ್ಕ ಮೂವತ್ತಮೂರು ಸಾವಿರ ಚಿಲ್ಲರೆ, ಇಲ್ಲಿ ಅದಕ್ಕಿಂತ ಜಾಸ್ತಿ ಮಂದಿ ಒಂದೇ ಸೂರಿನಡಿ ಸೇರುತ್ತಾರೆ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗಲು ಹೆದ್ದಾರಿಯ ಮೇಲೆ ಕಟ್ಟಿದ ಗಾಜಿನ ಸೇತುವೆ ದಾಟಬೇಕು. ಒಂದು ಉಪನ್ಯಾಸ ಮುಗಿಸಿ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಕಾಲು ಸೋತಿರುತ್ತದೆ.

ದೊಡ್ಡ ದೊಡ್ಡ ಸಿಟಿ ಸ್ಕ್ಯಾನ್, ಎಂಆರ್‌ಐ ಯಂತ್ರಗಳನ್ನು ನೋಡಿದೆ. ಎಲ್ಲಿ ನೋಡಿದರೂ ಎಐ ಮಾತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅನುಮತಿ ಕೊಟ್ಟಿರುವ ಎಐ ವೈದ್ಯಕೀಯ ಸಾಧನಗಳಲ್ಲಿ ಹತ್ತಿರಹತ್ತಿರ ಮುಕ್ಕಾಲು ಪಾಲು ನಮ್ಮ ರೇಡಿಯಾಲಜಿಯವೇ. ಅದೆಲ್ಲ ಮೈಸೂರಿನ ನನ್ನ ಕೆಲಸಕ್ಕೆ ಬೇಕಾದದ್ದೇ, ಸರಿಯಾಗಿ ಕಲಿತುಕೊಂಡೆ. ಆದರೆ ನನ್ನ ಮನಸ್ಸು ನಿಂತಿದ್ದು ಒಂದು ಸಣ್ಣ ಯಂತ್ರದ ಮುಂದೆ.

ನೋಡಲು ದೊಡ್ಡ ಕ್ಯಾಮೆರಾದ ಹಾಗಿದೆ. ತೂಕ ಮೂರೂವರೆ ಕಿಲೋ. ಅದು ಎಕ್ಸ್‌ರೇ ಯಂತ್ರ! ಕೈಯಲ್ಲಿ ಎತ್ತಿ ನೋಡಿದೆ. ಬ್ಯಾಟರಿಯಲ್ಲಿ ಓಡುತ್ತದೆ, ಒಂದು ಸಲ ಚಾರ್ಜ್ ಮಾಡಿದರೆ ನೂರರಷ್ಟು ಚಿತ್ರ ತೆಗೆಯಬಹುದು. ಎದೆಯ ಹಿಂದೆ ಇಟ್ಟು ಚಿತ್ರ ಹಿಡಿಯಲು ಒಂದು ಚಪ್ಪಟೆ ಡಿಟೆಕ್ಟರ್, ಜೊತೆಗೊಂದು ಲ್ಯಾಪ್‌ಟಾಪ್, ಅಷ್ಟೇ ಸಾಮಾನು. ಚಿತ್ರ ತೆರೆಯ ಮೇಲೆ ಬಂದ ಕೂಡಲೇ ಸಾಫ್ಟ್‌ವೇರ್ ಅದನ್ನು ಓದಿ, ಟಿಬಿ ಇರುವ ಅನುಮಾನ ಎಷ್ಟು ಅಂತ ಒಂದು ಅಂಕ ಕೊಡುತ್ತದೆ. ಶ್ವಾಸಕೋಶದ ಯಾವ ಭಾಗ ಅನುಮಾನದ್ದೋ ಅಲ್ಲಿ ಬಣ್ಣ ಬಳಿದು ತೋರಿಸುತ್ತದೆ. ಹದಿನೈದು ವರ್ಷ ಮೇಲ್ಪಟ್ಟವರ ಟಿಬಿ ತಪಾಸಣೆಗೆ ಇಂಥ ಸಾಫ್ಟ್‌ವೇರ್ ಬಳಸಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲೇ ಹೇಳಿದೆ. ನಮ್ಮ ದೇಶದ ಟಿಬಿ ಕಾರ್ಯಕ್ರಮದಲ್ಲೂ ಇಂಥ ಯಂತ್ರಗಳು ಬಂದಿವೆ.

ಅಪ್ಪ, ಆಗ ನನಗೆ ನೆನಪಾಗಿದ್ದು ತೋಟದ ಕೆಲಸದವರು ಇರುವ ನಮ್ಮ ಲೈನ್ ಮನೆಗಳು. ಅರೇಬಿಕಾ ಕಾಫಿ ಕೊಯ್ಲು ಶುರುವಾಗಿದೆ, ರೊಬಸ್ಟಾ ಮುಗಿಯುವಷ್ಟರಲ್ಲಿ ಮಾರ್ಚ್. ಅಲ್ಲಿಯವರೆಗೆ ಅಸ್ಸಾಂ, ಬಂಗಾಳದಿಂದ ಬಂದವರು, ಹಾಡಿಯಿಂದ ಬರುವ ಎರವ ಬುಡಕಟ್ಟಿನವರು, ಎಲ್ಲರೂ ತೋಟದಲ್ಲೇ. ಒಂದೊಂದು ಕೋಣೆಯಲ್ಲಿ ಐದಾರು ಜನ, ಒಳಗೇ ಒಲೆ, ಚಳಿಗೆ ಕಿಟಕಿ ಮುಚ್ಚಿರುತ್ತಾರೆ. ಟಿಬಿಗೆ ಇದಕ್ಕಿಂತ ಅನುಕೂಲದ ಜಾಗ ಬೇರೆ ಬೇಕಾ? ಕೆಮ್ಮು ಬಂದರೆ ಹೊಗೆ ಅಂತಾರೆ, ಬೀಡಿ ಅಂತಾರೆ. ಒಂದು ದಿನದ ಕೂಲಿ ಬಿಟ್ಟು ಮಡಿಕೇರಿಗೆ ಹೋಗಿ ಎಕ್ಸ್‌ರೇ ತೆಗೆಸಿಕೊಳ್ಳುವವರು ಯಾರು? 2019ರಿಂದ 2021ರವರೆಗೆ ನಮ್ಮ ದೇಶದಲ್ಲಿ ನಡೆದ ಟಿಬಿ ಸಮೀಕ್ಷೆ ಇದನ್ನೇ ಹೇಳಿತು. ಲಕ್ಷಣ ಇದ್ದವರಲ್ಲಿ ನೂರಕ್ಕೆ 63ಕ್ಕಿಂತ ಜಾಸ್ತಿ ಮಂದಿ ಚಿಕಿತ್ಸೆಗೆ ಎಲ್ಲೂ ಹೋಗಿರಲಿಲ್ಲ. ಎಕ್ಸ್‌ರೇ ತೆಗೆಯದೇ ಬರೀ ಕೆಮ್ಮು, ಜ್ವರ ಕೇಳಿ ಬಿಟ್ಟಿದ್ದರೆ ನೂರರಲ್ಲಿ 42 ರೋಗಿಗಳು ಕೈತಪ್ಪಿ ಹೋಗುತ್ತಿದ್ದರು.

ಯಂತ್ರ ಎಲ್ಲವನ್ನೂ ಮಾಡುವುದಿಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಎಷ್ಟು ಅಂಕ ಬಂದರೆ ಅನುಮಾನ ಅಂತ ನಾವೇ ಗೆರೆ ಎಳೆಯಬೇಕು. ಗೆರೆ ಕೆಳಗಿಟ್ಟರೆ ಹಳೆಯ ಟಿಬಿ ಕಲೆ ಇರುವವರೂ ಸಾಲಿನಲ್ಲಿ ನಿಲ್ಲುತ್ತಾರೆ, ಪರೀಕ್ಷೆಯ ಖರ್ಚು ಏರುತ್ತದೆ. ಮೇಲಿಟ್ಟರೆ ನಿಜವಾದ ರೋಗಿ ತಪ್ಪಿಸಿಕೊಳ್ಳುತ್ತಾನೆ. ಒಂದು ಊರಿನ ಗೆರೆ ಇನ್ನೊಂದು ಊರಿಗೆ ಹೊಂದುವುದಿಲ್ಲ. ಮತ್ತೆ, ಎಕ್ಸ್‌ರೇಯಿಂದ ಬರುವುದು ಅನುಮಾನ ಮಾತ್ರ. ಖಚಿತವಾಗಬೇಕಾದರೆ ಕಫ ಪರೀಕ್ಷೆ ಆಗಲೇಬೇಕು. ಊಟದ ಹೊತ್ತಿನಲ್ಲಿ ವಿಯೆಟ್ನಾಂನ ಡಾಕ್ಟರ್ ಒಬ್ಬರು ಪಕ್ಕದಲ್ಲಿ ಕೂತಿದ್ದರು. ಅವರು ಹೇಳಿದ್ದು: ಯಂತ್ರ ಹೊತ್ತುಕೊಂಡು ಹೋಗುವುದು ಸುಲಭ, ಕಫವನ್ನು ಅದೇ ದಿನ, ಅದೇ ಜಾಗದಲ್ಲಿ ತೆಗೆದುಕೊಳ್ಳದಿದ್ದರೆ ಆ ಮನುಷ್ಯ ಮತ್ತೆ ಕೈಗೆ ಸಿಗುವುದಿಲ್ಲ. ನಮ್ಮ ತೋಟಗಳಿಗೆ ಈ ಮಾತು ಇನ್ನೂ ಜಾಸ್ತಿ ಅನ್ವಯಿಸುತ್ತದೆ. ಕೊಯ್ಲು ಮುಗಿದರೆ ಅವರು ರೈಲು ಹತ್ತಿಬಿಡುತ್ತಾರೆ, ಅಲ್ವಾ?

ಇನ್ನೊಂದು ವಿಷಯಕ್ಕೆ ನನಗೆ ತುಂಬಾ ಹೆಮ್ಮೆ. ಟಿಬಿ ಮತ್ತು ಆಹಾರದ ಮಾತು ಬಂದಾಗ ನಮ್ಮ ಪಕ್ಕದ ಮಂಗಳೂರಿನವರ ಅಧ್ಯಯನವನ್ನು ಆ ವಿಯೆಟ್ನಾಂ ಡಾಕ್ಟರಿಗೆ ವಿವರಿಸಿದೆ. ಯೆನೆಪೋಯ ಮೆಡಿಕಲ್ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಜೊತೆಗಾರರು ಜಾರ್ಖಂಡ್‌ನಲ್ಲಿ ಮಾಡಿದ ಕೆಲಸ ಅದು, 2023ರಲ್ಲಿ ಪ್ರಕಟವಾಯಿತು. ರೋಗಿಯ ಮನೆಯವರಿಗೆ ಪೌಷ್ಟಿಕ ರೇಷನ್ ಕೊಟ್ಟಾಗ ಆ ಮನೆಗಳಲ್ಲಿ ಹೊಸದಾಗಿ ಟಿಬಿ ಬರುವುದು ನೂರಕ್ಕೆ 39ರಷ್ಟು ಕಡಿಮೆಯಾಯಿತು. ಬೇಳೆ, ಅಕ್ಕಿ! ಇಷ್ಟು ದೊಡ್ಡ ಸಭಾಂಗಣದಲ್ಲಿ ಇದನ್ನು ಹೇಳುವಾಗ ನನ್ನ ದನಿ ತಾನಾಗೇ ಏರಿತು.

ಈಗ ನಿಮ್ಮಿಂದ ನನಗೆ ಆಗಬೇಕಾದ ಕೆಲಸ. ಅಪ್ಪ, ಜನವರಿಯಲ್ಲಿ ರೊಬಸ್ಟಾ ಕೊಯ್ಲಿಗೆ ಎಲ್ಲರೂ ಇರುವಾಗ ಅಕ್ಕಪಕ್ಕದ ತೋಟದವರು ಸೇರಿ ಒಂದು ತಪಾಸಣೆ ಮಾಡಿಸೋಣ. ನಾವೇ ಯಂತ್ರ ತಂದು ಮಾಡುವ ಹಾಗಿಲ್ಲ, ಎಕ್ಸ್‌ರೇಗೆ ಪರವಾನಗಿ ಬೇಕು. ಜಿಲ್ಲಾ ಕ್ಷಯರೋಗ ಅಧಿಕಾರಿಯ ಕಚೇರಿಗೆ ಅರ್ಜಿ ಕೊಡಬೇಕು. ಅರ್ಜಿ ನಾನು ಬರೆಯುತ್ತೇನೆ, ತೋಟದವರ ಸಹಿ ನೀವು ಹಾಕಿಸಿ. ಆ ದಿನ ಯಾರ ಕೂಲಿಯನ್ನೂ ಹಿಡಿಯಬಾರದು. ಟಿಬಿ ಇದೆ ಅಂತ ಗೊತ್ತಾದವರನ್ನು ಕೆಲಸದಿಂದ ತೆಗೆಯುವುದಿಲ್ಲ ಅಂತ ಎಲ್ಲ ತೋಟದವರೂ ಮೊದಲೇ ಒಪ್ಪಬೇಕು. ಇಲ್ಲದಿದ್ದರೆ ಒಬ್ಬರೂ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಸರಿಯಾದ ಮಾತ್ರೆ ಶುರುವಾದರೆ ಕೆಲವೇ ವಾರಗಳಲ್ಲಿ ರೋಗ ಹರಡುವುದು ತುಂಬಾ ಕಡಿಮೆಯಾಗುತ್ತದೆ. ಮಾತ್ರೆ ಉಚಿತ. ಊಟಕ್ಕೆ ಅಂತ ಸರ್ಕಾರ ತಿಂಗಳಿಗೆ 1000 ರೂಪಾಯಿ ಕೊಡುತ್ತದೆ. ಸರ್ಕಾರದ ಟಿಬಿ ರೋಗಿಗಳ ಆನ್‌ಲೈನ್ ದಾಖಲೆಯಾದ ನಿಕ್ಷಯ್‌ನಲ್ಲಿ ಹೆಸರು ದಾಖಲಾದರೆ ಊರಿಗೆ ಹೋದ ಮೇಲೂ ಅಲ್ಲೇ ಚಿಕಿತ್ಸೆ ಮುಂದುವರಿಸಬಹುದು.

ಅಮ್ಮ, ಎಕ್ಸ್‌ರೇ ಅಂದರೆ ನಿನಗೆ ಭಯ ಅಂತ ಗೊತ್ತು. ಎದೆಯ ಒಂದು ಎಕ್ಸ್‌ರೇಯಿಂದ ಬರುವ ವಿಕಿರಣ, ನೆಲ ಆಕಾಶಗಳಿಂದ ಹತ್ತು ದಿನದಲ್ಲಿ ನಮಗೆ ಸುಮ್ನೆ ಸಿಗುವಷ್ಟೇ. ಲೈನ್ ಮನೆಯ ಹೆಂಗಸರು ನಿನ್ನ ಮಾತನ್ನೇ ನಂಬುವುದು, ಇದನ್ನು ಅವರಿಗೆ ಹೇಳು. ಬಸುರಿಯರು ಇದ್ದರೆ ಮೊದಲೇ ತಿಳಿಸಲಿ. ಆಶಾ ಕಾರ್ಯಕರ್ತೆ ಅಕ್ಕನಿಗೂ ಈ ಪತ್ರ ಓದಿ ಹೇಳು. ಹೆಸರುಗಳ ಪಟ್ಟಿ ಮಾಡಲು ಅವರಿಗಿಂತ ಗೊತ್ತಿದ್ದವರು ಯಾರೂ ಇಲ್ಲ.

ಭಾನುವಾರ ಫೋನ್ ಮಾಡುತ್ತೇನೆ. ಅಷ್ಟರಲ್ಲಿ ಯಾವ ಯಾವ ತೋಟದವರು ಒಪ್ಪಬಹುದು ಅಂತ ಅಪ್ಪ ಯೋಚಿಸಿಟ್ಟಿರಲಿ.

ನಿಮ್ಮ ಪ್ರೀತಿಯ,
ಪುಟ್ಟ