ಉಪ್ಪುನೀರಿಗೆ ಬಾಗಿನ ಬಿಟ್ಟ ಶಾಸಕರಿಗೆ

ಮಾನ್ಯ ಶಾಸಕರೇ,

ವಿಷಯ: ನಮ್ಮ ಹೊಳೆಯ ಕಿಂಡಿ ಅಣೆಕಟ್ಟಿಗೆ (ಬೇಸಿಗೆಗೆ ಕಿಂಡಿಗಳಲ್ಲಿ ಹಲಗೆ ಇಳಿಸಿ ಸಿಹಿನೀರು ನಿಲ್ಲಿಸುವ, ಮಳೆಗಾಲಕ್ಕೆ ಹಲಗೆ ತೆಗೆಯುವ ಕಟ್ಟೆಗೆ) ನವೆಂಬರ್ ಮುಗಿಯುವುದರೊಳಗೆ ಹಲಗೆ ಹಾಕಿಸುವ ಬಗ್ಗೆ.

ಇದೇ ವಿಷಯದ ಅರ್ಜಿಗಳು ಪಂಚಾಯತಿಯ ಕಪಾಟಿನಲ್ಲಿವೆ, ತಾಲ್ಲೂಕು ಕಚೇರಿಯ ಟಪಾಲಿನಲ್ಲಿವೆ, ತಮ್ಮ ಆಪ್ತ ಸಹಾಯಕರ ಫೋನಿನಲ್ಲೂ ಇವೆ. ಎಲ್ಲದಕ್ಕೂ 'ಮುಂದಿನ ಕ್ರಮಕ್ಕಾಗಿ ರವಾನಿಸಲಾಗಿದೆ' ಎಂಬ ಹಿಂಬರಹ ಬಂದಿದೆ. ಹಿಂಬರಹ ಬಂತು, ಹಲಗೆ ಬರಲಿಲ್ಲ. ಆದ್ದರಿಂದ ನಾಲ್ಕು ಜನರಿಗೆ ಕಾಣುವಂತೆ ಬರೆಯುತ್ತಿದ್ದೇವೆ. ಊರಿನ ಹೆಸರು ಬೇಕೆಂದೇ ಬರೆದಿಲ್ಲ. ಬರೆದರೆ ಮರುದಿನ ನೋಟಿಸು ಬರುವುದು ನಮ್ಮ ನೀರುಗಂಟಿಗೆ, ಅವನಿಗೋ ಸಂಬಳವೇ ಸರಿಯಾಗಿ ಬರುವುದಿಲ್ಲ. ಉತ್ತರ ಕನ್ನಡದ ಕರಾವಳಿಯಲ್ಲಿ ಅಳಿವೆಗೆ, ಅಂದರೆ ನದಿ ಕಡಲಿಗೆ ಬೀಳುವ ಜಾಗಕ್ಕೆ, ಸೇರುವ ಒಂದು ಹೊಳೆಯ ದಂಡೆ ಎಂದಿಟ್ಟುಕೊಳ್ಳಿ. ಕಳೆದ ಫೆಬ್ರವರಿಯಲ್ಲಿ ತಾವು ಬಂದು ಬಾಗಿನ ಬಿಟ್ಟಿರಲ್ಲ, ಅದೇ ಹೊಳೆ.

ಆ ದಿನದ ಫೋಟೋ ಚೆನ್ನಾಗಿ ಬಂದಿತ್ತು. ಅಣೆಕಟ್ಟಿನ ಹಿಂದೆ ನೀರು ತುಂಬಿ ನಿಂತಿತ್ತು, ಅದೂ ನಿಜ. ತಮಗೆ ಯಾರೂ ಹೇಳದ ಮಾತೊಂದೇ: ನಿಂತಿದ್ದು ಉಪ್ಪುನೀರು.

ಹೇಗೆ ಎಂದು ಬಿಡಿಸಿ ಹೇಳುತ್ತೇವೆ. ಮಳೆಗಾಲ ಮುಗಿದ ಮೇಲೆ ಹೊಳೆಯ ಹರಿವು ದಿನದಿನಕ್ಕೆ ಇಳಿಯುತ್ತದೆ. ಹರಿವು ಜೋರಾಗಿರುವಷ್ಟು ಕಾಲ ಸಮುದ್ರದ ಭರತವನ್ನು ಅದು ಕೆಳಗೇ ತಡೆದು ನಿಲ್ಲಿಸುತ್ತದೆ. ಡಿಸೆಂಬರ್ ಕಳೆಯುತ್ತಿದ್ದಂತೆ ಆ ಶಕ್ತಿ ಹೋಗುತ್ತದೆ, ಅಮಾವಾಸ್ಯೆ ಹುಣ್ಣಿಮೆಯ ದೊಡ್ಡ ಭರತಕ್ಕೆ ಉಪ್ಪುನೀರು ಕಿಂಡಿಗಳ ಮೂಲಕ ಮೇಲೆ ಏರುತ್ತದೆ. ಉಪ್ಪುನೀರು ಭಾರ, ಸಿಹಿನೀರು ಹಗುರ. ಹೀಗಾಗಿ ಉಪ್ಪು ಹೊಳೆಯ ತಳದಲ್ಲಿ, ಗುಂಡಿಗಳಲ್ಲಿ ಕೂರುತ್ತದೆ. ಮೇಲಿನ ಒಂದು ಮೊಳ ನೀರನ್ನು ಬೊಗಸೆಯಲ್ಲಿ ಎತ್ತಿ ಬಾಯಿಗಿಟ್ಟರೆ ಗೊತ್ತೇ ಆಗುವುದಿಲ್ಲ. ಹೋದ ಸಲದಂತೆ ಫೆಬ್ರವರಿಯಲ್ಲಿ ಹಲಗೆ ಹಾಕಿದರೆ ಒಳಗೆ ಬಂದ ಆ ಉಪ್ಪನ್ನು ಹೊರಗೆ ಹೋಗದಂತೆ ಬಂಧಿಸಿಟ್ಟ ಹಾಗೆ. ನಮ್ಮ ಕುಡಿಯುವ ನೀರಿನ ಬಾವಿ ಇರುವುದು ಅದೇ ದಂಡೆಯಲ್ಲಿ, ಅಣೆಕಟ್ಟಿನ ಮೇಲ್ಬದಿಗೆ. ಚಿರೆಕಲ್ಲಿನ ನೆಲ, ತೂತುತೂತು. ಹೊಳೆಯಲ್ಲಿ ಇದ್ದದ್ದು ಬಾವಿಗೆ ಬರುತ್ತದೆ. ಹಲಗೆ ಹಾಕದೇ ಬಿಟ್ಟಿದ್ದರೆ ಇಳಿತದ ಹೊತ್ತಿಗಾದರೂ ಒಂದಿಷ್ಟು ಉಪ್ಪು ತೊಳೆದು ಹೋಗುತ್ತಿತ್ತು.

ಹಲಗೆ ಹಾಕುವ ಕೆಲಸಕ್ಕೆ ಮಹಾ ವಿದ್ಯೆ ಬೇಡ, ಕಾಲ ನೋಡಬೇಕು. ನವೆಂಬರ್ ಕೊನೆಯ ಒಳಗೆ, ಹೊಳೆಯಲ್ಲಿ ಇನ್ನೂ ಮೊಣಕಾಲು ಮಟ್ಟದ ಹರಿವು ಇರುವಾಗ, ಅಷ್ಟಮಿಯ ಆಸುಪಾಸಿನ ಸಣ್ಣ ಭರತದ ದಿನ ಹಿಡಿದು, ಇಳಿತದ ಹೊತ್ತಿಗೆ ಇಳಿಸಬೇಕು. ದಡದ ಎರಡೂ ಕಡೆಯ ಕಿಂಡಿಗಳನ್ನು ಮೊದಲು ಮುಚ್ಚಿ, ಆಳವಿರುವ ನಡುವಿನ ಕಿಂಡಿಗಳನ್ನು ಕೊನೆಗೆ ಮುಚ್ಚಬೇಕು. ಆಗ ಹರಿವೆಲ್ಲ ನಡುವಿಗೆ ಬಿದ್ದು ತಳದ ಉಪ್ಪನ್ನು ಎಳೆದುಕೊಂಡು ಹೋಗುತ್ತದೆ. ನಮ್ಮ ಅಣೆಕಟ್ಟಿಗೆ ಹನ್ನೊಂದು ಕಿಂಡಿ. ಒಂದೊಂದೂ ಎರಡು ಮೀಟರ್ ಅಗಲ, ಎರಡು ಮೀಟರ್ ಎತ್ತರ. ಹಲಗೆ 25 ಸೆಂಟಿಮೀಟರಿನದು, ಒಂದು ಸಾಲಿಗೆ ಎಂಟು. ಎರಡು ಸಾಲು ಬೇಕೇ ಬೇಕು. ಅಲ್ಲಿಗೆ 176 ಹಲಗೆ.

ಎರಡು ಸಾಲು ಯಾಕೆ ಎಂದು ಹೋದ ಸಲ ಗುತ್ತಿಗೆದಾರರು ಕೇಳಿದರು. ಒಂದೇ ಸಾಲು ಹಾಕಿ ಬಿಲ್ಲು ಮಾಡಿಕೊಂಡು ಹೋದರು, ಆ ಮಾತು ಬೇರೆ. ಘಟ್ಟದ ಮೇಲಿನ ಕಿಂಡಿ ಅಣೆಕಟ್ಟಿಗೆ ನೀರಿನ ಒತ್ತಡ ಒಂದೇ ದಿಕ್ಕಿನಿಂದ. ಹಲಗೆಯ ರಬ್ಬರ್ ಪಟ್ಟಿ ಒತ್ತಿಕೊಂಡು ಸಂದು ಮುಚ್ಚುತ್ತದೆ. ಕರಾವಳಿಯಲ್ಲಿ ಭರತ ಬಂದಾಗ ಒತ್ತಡ ಕೆಳಗಿನಿಂದ ತಿರುಗಿ ಬೀಳುತ್ತದೆ, ಅದೇ ರಬ್ಬರ್ ಪಟ್ಟಿ ಬಿಟ್ಟುಕೊಳ್ಳುತ್ತದೆ. ಅದಕ್ಕೇ ಎರಡು ಸಾಲು, ನಡುವೆ ಅರ್ಧ ಮೀಟರ್ ಜೇಡಿಮಣ್ಣು. ಕಿಂಡಿಗೆ ಎರಡು ಘನ ಮೀಟರಿನಂತೆ ಒಟ್ಟು 22 ಘನ ಮೀಟರ್ ಮಣ್ಣು. ಗೊಚ್ಚು ಮಣ್ಣು, ಮರಳು ಮಿಶ್ರಿತ ಮಣ್ಣು ನಡೆಯುವುದಿಲ್ಲ. ಒಂದೇ ಸಲ ಸುರಿಯುವ ಹಾಗೂ ಇಲ್ಲ. ಗೇಣಿನಷ್ಟು ಹಾಕಿ, ತುಳಿದು, ಮತ್ತೆ ಗೇಣಿನಷ್ಟು. ಸಡಿಲ ಬಿಟ್ಟರೆ ಏಡಿ ತೂತು ಕೊರೆಯುತ್ತದೆ, ಬೆರಳು ಗಾತ್ರದ ಬಿಲ ವಾರದೊಳಗೆ ಕೈ ತೂರುವಷ್ಟಾಗುತ್ತದೆ. ಮರದ ಹಲಗೆ ಷೆಡ್ಡಿನಲ್ಲಿ ಒಣಗಿ ಕುಗ್ಗಿರುತ್ತದೆ, ಎರಡು ದಿನ ಮೊದಲೇ ಹೊಳೆಯಲ್ಲಿ ನೆನೆಸಿ ಉಬ್ಬಿಸಿಕೊಳ್ಳಬೇಕು. ಟೊಳ್ಳು ಫೈಬರಿನದಾದರೆ ಕೊಳೆಯುವುದಿಲ್ಲ, ಆದರೆ ತೇಲುತ್ತದೆ. ಮೇಲಿನ ಹಲಗೆಗೆ ಬೆಣೆ ಹೊಡೆಯಬೇಕು. ಹತ್ತು ಆಳು, ಮೂರು ದಿನ. ಮೇ ಕೊನೆಗೆ, ಮುಂಗಾರು ಬೀಳುವ ಮೊದಲು ಮರೆಯದೆ ತೆಗೆಯಬೇಕು, ಇಲ್ಲದಿದ್ದರೆ ಮೊದಲ ನೆರೆಗೆ ದಡದ ತೋಟ ಹೋಗುತ್ತದೆ.

ಇಷ್ಟೇ ಕೆಲಸ. ಕೋಟಿ ರೂಪಾಯಿಯ ಅಣೆಕಟ್ಟು ಕಟ್ಟಿದ ಇಲಾಖೆ ಒಂದು, ಹಲಗೆ ಇಟ್ಟುಕೊಂಡವರು ಇನ್ನೊಬ್ಬರು, ಹಾಕಬೇಕಾದವರು ಮೂರನೆಯವರು. ಅಂದಾಜು ಪತ್ರಿಕೆ, ಮಂಜೂರಾತಿ, ಟೆಂಡರ್, ಕಾರ್ಯಾದೇಶ ಎಲ್ಲ ಮುಗಿಯುವಾಗ ಶಿವರಾತ್ರಿ. ಚಂದ್ರ ಮಾತ್ರ ಕಾರ್ಯಾದೇಶಕ್ಕೆ ಕಾಯುವುದಿಲ್ಲ ಸ್ವಾಮಿ. ನವೆಂಬರಿನೊಳಗೆ ಹಲಗೆ ಹಾಕಿಸಿ.

ಉಪ್ಪು ಎಷ್ಟು ಸೇರಿದರೆ ನೀರು ಕೆಡುತ್ತದೆ ಎಂಬ ಲೆಕ್ಕ ತಮ್ಮ ಇಂಜಿನಿಯರುಗಳಿಗೆ ಗೊತ್ತಿದ್ದೇ ಇರುತ್ತದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣ, ಅದರಲ್ಲಿ ಕ್ಲೋರೈಡೇ 19 ಗ್ರಾಂ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಒಪ್ಪುವ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ; ಬೇರೆ ಮೂಲವೇ ಇಲ್ಲದ ಕಡೆ ಹೆಚ್ಚೆಂದರೆ 1000. ನೂರು ಕೊಡ ಸಿಹಿನೀರಿಗೆ ಒಂದೂವರೆ ಕೊಡ ಕಡಲ ನೀರು ಸೇರಿದರೆ ಮೊದಲ ಗೆರೆ ದಾಟಿತು, ಆರು ಕೊಡ ಸೇರಿದರೆ ಎರಡನೆಯದೂ. ಮೇ ತಿಂಗಳಲ್ಲಿ ನಮ್ಮ ಬಾವಿಯದು 1400 ಇತ್ತು. ಆ ನೀರನ್ನು ದಿನಕ್ಕೆ ಎರಡು ಲೀಟರ್ ಕುಡಿದವರ ಹೊಟ್ಟೆಗೆ ನೀರಿನಿಂದಲೇ ಸುಮಾರು ನಾಲ್ಕು ಗ್ರಾಂ ಉಪ್ಪು ಹೋಗುತ್ತದೆ. ಗಂಜಿ, ಸಾರು, ಉಪ್ಪಿನಕಾಯಿ, ಒಣಮೀನು ಎಲ್ಲ ಸೇರಿ ಇಡೀ ದಿನಕ್ಕೆ ಐದು ಗ್ರಾಮಿನೊಳಗೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಿಪಿ ಮಾತ್ರೆ ನುಂಗುವವರು, ಬಸುರಿಯರು ಏನು ಮಾಡಬೇಕು? ಬಂದ ಅಧಿಕಾರಿಗಳು ಕುದಿಸಿ ಕುಡಿಯಿರಿ ಎಂದು ಹೇಳಿ ಹೋದರು. ಕುದಿಸಿದರೆ ನೀರು ಆವಿಯಾಗುತ್ತದೆ, ಉಪ್ಪು ಪಾತ್ರೆಯಲ್ಲೇ ಉಳಿಯುತ್ತದೆ. ಇದಕ್ಕೆ ಪ್ರಯೋಗಾಲಯ ಬೇಡ, ಅಡುಗೆಮನೆ ಸಾಕು. ಬ್ಲೀಚಿಂಗ್ ಪೌಡರ್ ಜಾಸ್ತಿ ಹಾಕಿದರೂ ಅಷ್ಟೇ. ಅದು ಸಾಯಿಸುವುದು ರೋಗಾಣುವನ್ನು, ಉಪ್ಪನ್ನಲ್ಲ.

ಈಗ ಆ ಮೇ ತಿಂಗಳ ಪ್ರಸಂಗಕ್ಕೆ ಬರೋಣ. ಕೂಗಾಟ ಜಾಸ್ತಿಯಾದ ಮೇಲೆ ಟ್ಯಾಂಕರ್ ಬಂತು. 6000 ಲೀಟರ್, ಒಳ್ಳೆಯ ನೀರು, ಕ್ಲೋರೈಡ್ 20 ಕೂಡ ದಾಟಿರಲಿಲ್ಲ. ಹೆಂಗಸರು ಕೊಡ ಹಿಡಿದು ರಸ್ತೆಯಲ್ಲಿ ನಿಂತಿದ್ದರು. ಟ್ಯಾಂಕರ್ ಅವರನ್ನು ದಾಟಿ ನೇರ ಬಾವಿಯ ಹತ್ತಿರ ಹೋಯಿತು, ಪೈಪು ಬಾವಿಗೆ ಇಳಿಬಿಟ್ಟು ಅಷ್ಟೂ ನೀರನ್ನು ಉಪ್ಪುನೀರಿಗೆ ಸುರಿಯಿತು. ಕೇರಿಕೇರಿಗೆ ನಿಲ್ಲಿಸಿದರೆ ಹೊತ್ತು ಹೋಗುತ್ತದೆ, ಮುಂದಿನ ಟ್ರಿಪ್ಪು ಸಿಗುವುದಿಲ್ಲ, ಬಾವಿಗೆ ಹಾಕಿದರೆ ಪಂಪು ಮಾಡಿ ನಲ್ಲಿಗೇ ಕೊಟ್ಟಂತಾಯಿತು, ಜಗಳವೂ ಇಲ್ಲ ಎಂದು ಮೇಲಿನವರ ಅಪ್ಪಣೆಯಂತೆ. ಬಾವಿ ನಾಲ್ಕು ಮೀಟರ್ ಅಗಲ, ಅಂದು ನೀರು ಇದ್ದದ್ದು ಒಂದೂವರೆ ಮೀಟರ್, ಅಂದರೆ ಸುಮಾರು 18,800 ಲೀಟರ್. ಅದಕ್ಕೆ 6000 ಸೇರಿದರೆ 1400 ಇದ್ದದ್ದು 1070ರ ಹತ್ತಿರಕ್ಕೆ ಬರುತ್ತದೆ. ಇನ್ನೂ ಕುಡಿಯಲು ಬಾರದ್ದೇ. ಆರು ಸಾವಿರ ಲೀಟರ್ ಸಿಹಿನೀರನ್ನು ಊರಿನ ಕಣ್ಣೆದುರೇ ಕೊಂದು, ಬಿಲ್ಲಿನಲ್ಲಿ 'ಶುದ್ಧ ಕುಡಿಯುವ ನೀರು ಪೂರೈಕೆ' ಎಂದು ಬರೆದುಕೊಂಡರು. ಮರುದಿನ ಮತ್ತೊಂದು ಟ್ಯಾಂಕರ್, ಅದೇ ಬಾವಿಗೆ. ಶಾಲೆಯ ಪಕ್ಕದಲ್ಲಿ ಐದು ಸಾವಿರ ಲೀಟರಿನ ಎರಡು ಸಿಂಟೆಕ್ಸ್ ಇಟ್ಟು ನಾಲ್ಕು ನಲ್ಲಿ ಜೋಡಿಸಿದ್ದರೆ ಮುಗಿಯುತ್ತಿತ್ತು. ಇದನ್ನು ಯೋಚಿಸಲು ಯಾವ ಪದವಿ ಬೇಕು ಎಂದು ತಾವೇ ಹೇಳಬೇಕು.

ಕಾಗದದಲ್ಲಿ ನಮ್ಮದು ನೀರಿನ ಸಮಸ್ಯೆ ಇಲ್ಲದ ಊರು. ನಲ್ಲಿ ನೀರಿನ ಸರ್ಕಾರಿ ಯೋಜನೆ 'ಮನೆ ಮನೆಗೆ ಗಂಗೆ' ಬಂದಾಗಿದೆ, ಪ್ರತಿ ಅಂಗಳದಲ್ಲೂ ನಲ್ಲಿ ನಿಂತಿದೆ. ನಿಯಮ ತಮಗೆ ಗೊತ್ತಿದ್ದದ್ದೇ: ತಲೆಗೆ ದಿನಕ್ಕೆ 55 ಲೀಟರ್, ಮಾನಕಕ್ಕೆ ಹೊಂದುವ ಗುಣಮಟ್ಟ, ವರ್ಷವಿಡೀ. ಗುಣಮಟ್ಟದ ವರದಿಯೂ ಇದೆ, 'ಕುಡಿಯಲು ಯೋಗ್ಯ' ಎಂಬ ಮೊಹರಿನೊಂದಿಗೆ. ಮಾದರಿ ತೆಗೆದ ತಿಂಗಳು ಮಾತ್ರ ನೋಡಿ: ಆಗಸ್ಟ್. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಸೀಮೆಯಲ್ಲಿ ಆಗಸ್ಟಿನಲ್ಲಿ ಯಾವ ಬಾವಿ ಉಪ್ಪಾಗಿರುತ್ತದೆ? ಮಾದರಿಯನ್ನು ಏಪ್ರಿಲ್ ಮೇಯಲ್ಲಿ ತೆಗೆಯಬೇಕು, ಹುಣ್ಣಿಮೆಯ ಭರತದ ಹೊತ್ತಿಗೆ, ಪಂಪು ಒಂದು ತಾಸು ಓಡಿದ ಮೇಲೆ, ಕೊನೆಯ ಮನೆಯ ನಲ್ಲಿಯಿಂದ. ಪಂಚಾಯತಿಗೆ ಕೊಟ್ಟ ಪರೀಕ್ಷಾ ಕಿಟ್ಟಿನಲ್ಲಿ ಕ್ಲೋರೈಡ್ ನೋಡುವ ದ್ರಾವಣ ಇದೆ, ಹನಿ ಎಣಿಸುತ್ತ ಹಳದಿ ನೀರು ಇಟ್ಟಿಗೆ ಕೆಂಪಿಗೆ ತಿರುಗುವವರೆಗೆ ಹಾಕಿದರೆ ಸಾಕು. ತರಬೇತಿ ಪಡೆದ ಹೆಂಗಸರೂ ಊರಿನಲ್ಲೇ ಇದ್ದಾರೆ. ಕಿಟ್ಟಿನ ದ್ರಾವಣದ ಅವಧಿ ಮುಗಿದು ಹೋಗಿದೆ, ಅದೂ ಒಂದು ಅರ್ಜಿಯಲ್ಲಿ ಇದೆ.

2022ರಲ್ಲಿ ಜಗತ್ತಿನ 220 ಕೋಟಿ ಜನರಿಗೆ ಸುರಕ್ಷಿತ ಕುಡಿಯುವ ನೀರಿನ ವ್ಯವಸ್ಥೆ ಇರಲಿಲ್ಲ ಎಂದು ವಿಶ್ವಸಂಸ್ಥೆಯ ಲೆಕ್ಕ. ನೀರು ಮನೆಯಲ್ಲೇ ಸಿಗಬೇಕು, ಬೇಕಾದಾಗ ಸಿಗಬೇಕು, ಶುದ್ಧವಾಗಿರಬೇಕು ಎಂಬ ಮೂರೂ ಸೇರಿದರೆ ಮಾತ್ರ ಅವರ ಲೆಕ್ಕದಲ್ಲಿ ಪಾಸು. ತಾವು ಮೊದಲನೆಯದನ್ನು ಎಣಿಸಿ ಹಾರ ಹಾಕಿಸಿಕೊಂಡಿರಿ.

ಬಾವಿ ಉಪ್ಪಾದರೆ ಬೋರ್ ಹೊಡೆಸೋಣ ಎಂದು ತಾವು ಹೇಳಿದ್ದೀರಂತೆ. ದಯವಿಟ್ಟು ಬೇಡ. ಕಡಲಂಚಿನ ನೆಲದಡಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಸಮುದ್ರಮಟ್ಟಕ್ಕಿಂತ ಒಂದು ಮೀಟರ್ ಮೇಲೆ ಸಿಹಿನೀರು ನಿಂತಿದ್ದರೆ ಕೆಳಗೆ ಸುಮಾರು 40 ಮೀಟರ್ ಸಿಹಿನೀರು ಎಂಬುದು ಅಂತರ್ಜಲ ಓದಿದವರಿಗೆಲ್ಲ ತಿಳಿದ ಗಣಿತ. ಮೇಲೆ ಒಂದು ಮೀಟರ್ ಎಳೆದರೆ ಕೆಳಗಿನ ಉಪ್ಪು ನಲವತ್ತು ಮೀಟರ್ ಏರಲು ಹವಣಿಸುತ್ತದೆ. ಆಳಕ್ಕೆ ಹೋದಷ್ಟೂ ಉಪ್ಪಿಗೆ ಹತ್ತಿರ. ನಾಣ್ಯ ಹಾಕುವ ಶುದ್ಧ ನೀರಿನ ಘಟಕವೂ ಇದಕ್ಕೆ ಮದ್ದಲ್ಲ. ಇಂಥ ನೀರು ಕೊಟ್ಟರೆ ಅರ್ಧಕ್ಕರ್ಧ ತಿರಸ್ಕೃತ ನೀರಾಗಿ ಹೊರಬರುತ್ತದೆ, ಆ ಹೆಚ್ಚು ಉಪ್ಪಿನ ನೀರನ್ನು ಘಟಕದ ಹಿಂದಿನ ಚರಂಡಿಗೇ ಬಿಡುತ್ತಾರೆ, ಚಿರೆಕಲ್ಲಿನ ಕಬ್ಬಿಣಾಂಶಕ್ಕೆ ಘಟಕದೊಳಗಿನ ಉಪ್ಪು ಸೋಸುವ ಪೊರೆ ಕಟ್ಟಿಕೊಳ್ಳುತ್ತದೆ, ಬದಲಿಸಲು ಅನುದಾನ ಇರುವುದಿಲ್ಲ, ಕೊನೆಗೆ ಘಟಕಕ್ಕೆ ಬೀಗ. ಚಾವಣಿ ನೀರು ಹಿಡಿಯುವ ಮಾತಾದರೆ ನಾವು ಸಿದ್ಧ. ನೂರು ಚದರ ಮೀಟರ್ ಹಂಚಿನ ಮಾಡಿನಿಂದ ಒಂದು ಮಳೆಗಾಲಕ್ಕೆ ಎರಡು ಲಕ್ಷ ಲೀಟರಿಗೂ ಹೆಚ್ಚು ಇಳಿಯುತ್ತದೆ. ಐದು ಜನರ ಮನೆಗೆ ಬೇಸಿಗೆಯ ನೂರು ದಿನ ಕುಡಿಯಲು, ಅಡುಗೆಗೆ ತಲೆಗೆ ಎಂಟು ಲೀಟರಿನಂತೆ ಬೇಕಾದದ್ದು ನಾಲ್ಕು ಸಾವಿರ ಲೀಟರ್. ಬೆಳಕು ಬೀಳದ ಫೆರೋಸಿಮೆಂಟ್ (ತಂತಿಬಲೆಗೆ ಸಿಮೆಂಟು ಮೆತ್ತಿದ) ಟ್ಯಾಂಕು, ಜೂನಿನ ಮೊದಲ ಮಳೆಗಳನ್ನು ಹೊರಗೆ ಬಿಡಲು ಒಂದು ತಿರುವು ಪೈಪು. ಅದಕ್ಕೂ ಅನುದಾನ ಕೊಡಿ, ಬೇಡ ಎನ್ನುವುದಿಲ್ಲ. ಆದರೆ ಅದನ್ನು ತೋರಿಸಿ ಹಲಗೆ ಮರೆಸಬೇಡಿ.

ಇನ್ನೊಂದು ಮಾತು. ನಮ್ಮ ಬೇಡ್ತಿ ನದಿಯನ್ನು ಘಟ್ಟದ ಮೇಲಿನ ವರದಾ ನದಿಗೆ ತಿರುಗಿಸುವ ಚರ್ಚೆ ಬಂದಾಗಲೆಲ್ಲ ನಮ್ಮ ನದಿಗಳ ನೀರು 'ಸಮುದ್ರಕ್ಕೆ ಹರಿದು ವ್ಯರ್ಥ' ಎಂಬ ಭಾಷಣ ಕೇಳುತ್ತೇವೆ, ವೇದಿಕೆಯ ಮೇಲಿದ್ದವರು ತಲೆದೂಗುವುದನ್ನೂ ನೋಡುತ್ತೇವೆ. ಆ ವ್ಯರ್ಥ ನೀರೇ ಅಳಿವೆಯಲ್ಲಿ ಉಪ್ಪನ್ನು ಹಿಂದಕ್ಕೆ ನೂಕುತ್ತಿರುವುದು. ಅದು ಇನ್ನಷ್ಟು ಕಡಿಮೆಯಾದರೆ ನವೆಂಬರಿನ ಬದಲು ಅಕ್ಟೋಬರಿನಲ್ಲೇ ಹಲಗೆ ಬೇಕಾಗುತ್ತದೆ. ನವೆಂಬರಿನದ್ದೇ ಸಿಗದವರು ಅಕ್ಟೋಬರಿನದ್ದನ್ನು ಯಾರ ಹತ್ತಿರ ಕೇಳುವುದು?

ನವರಾತ್ರಿ ಹತ್ತಿರ ಬಂತು. ಹಲಗೆ ಎಣಿಸಿ, ಒಡೆದದ್ದನ್ನು ಬದಲಿಸಿ, ಜೇಡಿಮಣ್ಣು ತಂದು ಹಾಕಲು ಇನ್ನು ಹೆಚ್ಚು ಸಮಯ ಇಲ್ಲ. ಟೆಂಡರ್ ತಡವಾಗುವುದಾದರೆ ಕೂಲಿಯ ಹಣವನ್ನು ಪಂಚಾಯತಿಗೆ ಕೊಡಿಸಿ, ಊರಿನವರೇ ಇಳಿದು ಹಾಕುತ್ತೇವೆ. ಭರತ ಇಳಿತ ನಮಗೆ ಗೊತ್ತು. ಬಾಗಿನ ಬಿಡಲು ತಾವು ಡಿಸೆಂಬರಿನಲ್ಲಿ ಬನ್ನಿ, ಆಗ ಸಿಹಿನೀರು ಇರುತ್ತದೆ. ನವೆಂಬರಿನೊಳಗೆ ಹಲಗೆ ಹಾಕಿಸಿ. ಅದಕ್ಕೂ ಮೊದಲು ಇನ್ನೊಂದು ಉಪಕಾರ: ಹಲಗೆ ಇಟ್ಟ ಷೆಡ್ಡಿನ ಬೀಗದ ಕೈ ಯಾರ ಬಳಿ ಇದೆ ಎಂದು ಪಂಚಾಯತಿಯಲ್ಲಿ ಕೇಳಿದರೆ ತಾಲ್ಲೂಕು ಎನ್ನುತ್ತಾರೆ, ತಾಲ್ಲೂಕಿನಲ್ಲಿ ಕೇಳಿದರೆ ಗುತ್ತಿಗೆದಾರ ಎನ್ನುತ್ತಾರೆ, ಗುತ್ತಿಗೆದಾರರು ಫೋನ್ ಎತ್ತುವುದಿಲ್ಲ. ತಮ್ಮ ಫೋನಾದರೆ ಎತ್ತಬಹುದು. ಒಂದು ಕರೆ ಮಾಡಿ.

ಇಂತಿ,
ಅಳಿವೆ ದಂಡೆಯ ಊರೊಂದರ ಕುಡಿಯುವ ನೀರು ಸಮಿತಿಯ ಸದಸ್ಯರು